ಎರಡೇ ಸೆಂಟಿಮೀಟರ್ ಕಮ್ಮಿ, ಆದರೂ ಯಾಕೆ ಬಿಡಲ್ಲ?

ದೊಡ್ಡ ರೈಡೊಂದರ ಬಾಗಿಲಲ್ಲಿ ಪುಟ್ಟಿ ಅಳತೆ ಕೋಲಿನ ಪಕ್ಕ ಬೆನ್ನು ನೆಟ್ಟಗೆ ಮಾಡಿ ನಿಂತಳು. ನನ್ನ ಅಣ್ಣನ ಮಗಳು, ಆಗ ಅವಳಿಗೆ ಐದೂವರೆ ವರ್ಷ. ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕ್ ನೋಡಬೇಕು ಅಂತ ಹಾಸನದಿಂದ ಬೆಳಗಿನ ಜಾವ ಐದಕ್ಕೇ ಹೊರಟಿದ್ದೆವು. ಫೋಟೊದಲ್ಲಿ ಚೆನ್ನಾಗಿ ಕಾಣಲಿ ಅಂತ ಅತ್ತಿಗೆ ಅವಳ ನೆತ್ತಿ ಮೇಲೆ ಜುಟ್ಟು ಕಟ್ಟಿ ಕೆಂಪು ರಿಬ್ಬನ್ ಹಾಕಿದ್ದರು. ಕೋಲಿನಲ್ಲಿ 110 ಸೆಂಟಿಮೀಟರಿಗೆ ಒಂದು ದಪ್ಪ ಗೆರೆ ಇತ್ತು. ರಿಬ್ಬನ್ ಆ ಗೆರೆ ದಾಟಿತ್ತು. ಬಾಗಿಲಲ್ಲಿ ನಿಂತಿದ್ದ ಹುಡುಗ ಜುಟ್ಟಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಅಮುಕಿದ. ಕೂದಲು ಚಪ್ಪಟೆಯಾಯಿತು. ಅವನ ಅಂಗೈ ಗೆರೆಯ ಕೆಳಗೆ ಬಂದು ನಿಂತಿತು.

"ಆಗಲ್ಲ ಸಾರ್. ಎರಡು ಸೆಂಟಿಮೀಟರ್ ಕಮ್ಮಿ."

ಅಣ್ಣ ಬಿಡಲಿಲ್ಲ. "ನಾನು ಪಕ್ಕದಲ್ಲೇ ಕೂತ್ಕೋತೀನಲ್ಲಪ್ಪ, ಗಟ್ಟಿಯಾಗಿ ಹಿಡ್ಕೋತೀನಿ" ಅಂದ. ಹುಡುಗ ತಲೆ ಅಲ್ಲಾಡಿಸಿದ. ಹಿಂದೆ ಕ್ಯೂನಲ್ಲಿದ್ದವರು ಗೊಣಗಿದರು. ಪುಟ್ಟಿಯ ಕೆಳತುಟಿ ನಡುಗಲು ಶುರುವಾಯಿತು. ಅವಳನ್ನು ಎತ್ತಿಕೊಂಡು ಹೊರಗೆ ಬಂದವಳು ನಾನು. "ಅತ್ತೆ, ನಾನು ದೊಡ್ಡೋಳೇ ಅಲ್ವಾ?" ಅಂತ ಅವಳು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಬಲ, ವೇಗ, ಜಡತ್ವ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ಹೇಳಿಕೊಡುವವಳು. ಆದರೂ ಆ ಕೋಲು ಏನನ್ನು ಅಳೆಯುತ್ತಿದೆ ಅಂತ ಅವತ್ತಿನವರೆಗೆ ಯೋಚಿಸಿರಲಿಲ್ಲ. ಆಮೇಲೆ ಕೂತು ಓದಿದೆ. ಶಾಲೆ ಟೂರಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಗಮನಿಸಿ ನೋಡಿದೆ. ಆ ಹುಡುಗ ಮಾಡಿದ್ದು ಸರಿ ಅಂತ ಈಗ ನನಗೆ ಖಾತ್ರಿಯಾಗಿದೆ. ಯಾಕೆ ಸರಿ ಅನ್ನುವುದು ಚಿಕ್ಕ ಮಕ್ಕಳಿರುವ ಪ್ರತಿ ಮನೆಗೂ ಗೊತ್ತಿರಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಣ್ಣನ ಮಾತನ್ನೇ ತೆಗೆದುಕೊಳ್ಳೋಣ. "ನಾನು ಹಿಡ್ಕೋತೀನಿ." ಎಲ್ಲ ಅಪ್ಪ ಅಮ್ಮಂದಿರೂ ಹೇಳುವ ಮಾತು ಇದು, ಪ್ರೀತಿಯಿಂದಲೇ ಹೇಳುತ್ತಾರೆ. ಐದು ವರ್ಷದ ಮಗು ಸುಮಾರು 18 ಕಿಲೊ ಇರುತ್ತದೆ. ಹಳಿಯ ಮೇಲೆ ಏರಿಳಿದು ಓಡುವ ರೋಲರ್ ಕೋಸ್ಟರ್ ತಗ್ಗಿಗೆ ಇಳಿದು ಮೇಲೆ ತಿರುಗುವ ಜಾಗದಲ್ಲಿ ಮೈಭಾರ ಮೂರು ಪಟ್ಟು ಆದಂತೆ ಅನ್ನಿಸುವುದು ಸಾಮಾನ್ಯ. ಅಂದರೆ ಆ ಕ್ಷಣಕ್ಕೆ ಮಗು 54 ಕಿಲೊ. ಹಾಸನದ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ ಮೂಟೆ ಎತ್ತಿದವರಿಗೆ 50 ಕಿಲೊ ಅಂದರೆ ಏನು ಅಂತ ಗೊತ್ತು. ನಿಮ್ಮ ಮೈಯೂ ಅದೇ ಹೊತ್ತಿಗೆ ಮೂರು ಪಟ್ಟು ಭಾರವಾಗಿರುತ್ತದೆ, ಕೈಯೂ ಸೇರಿ. ಮುಂದಿನ ಸೆಕೆಂಡಿನಲ್ಲಿ ಗಾಡಿ ದಿಬ್ಬ ಹತ್ತಿ ಇಳಿಯುತ್ತದೆ, ಭಾರವೆಲ್ಲ ಮಾಯವಾಗಿ ಇಬ್ಬರೂ ಮೇಲಕ್ಕೆ ತೇಲುತ್ತೀರಿ. ಅದರ ಮುಂದಿನ ಸೆಕೆಂಡಿಗೆ ಪಕ್ಕಕ್ಕೆ ಎಸೆತ. ಇಷ್ಟರಲ್ಲಿ ಯಾವ ದಿಕ್ಕಿಗೆ, ಎಷ್ಟು ಬಿಗಿಯಾಗಿ ಮಗುವನ್ನು ಹಿಡಿಯಬೇಕು ಅಂತ ತೀರ್ಮಾನ ಮಾಡಲು ಯಾವ ಅಪ್ಪನಿಗೂ ಆಗುವುದಿಲ್ಲ.

ತೇಲುವ ಅನುಭವ ನಮ್ಮ ಕಡೆಯವರಿಗೆ ಹೊಸದೇನಲ್ಲ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದೀರಾ? ಹಂಪ್ ಬಂದಾಗ ಬಸ್ಸು ಕೆಳಗೆ ಇಳಿಯುತ್ತದೆ, ನಾವು ಇನ್ನೂ ಮೇಲೇ ಇರುತ್ತೇವೆ. ಸೀಟಿಗೂ ನಮಗೂ ನಡುವೆ ಒಂದು ಗೇಣು ಗಾಳಿ. ನಮ್ಮನ್ನು ಯಾರೂ ಮೇಲಕ್ಕೆ ತಳ್ಳಿರುವುದಿಲ್ಲ. ಮೈ ತಾನು ಹೋಗುತ್ತಿದ್ದ ದಾರಿಯಲ್ಲೇ ಹೋಗಲು ನೋಡುತ್ತದೆ, ಬಸ್ಸು ದಾರಿ ಬದಲಿಸಿರುತ್ತದೆ, ಅಷ್ಟೇ. ತಿರುವಿನಲ್ಲಿ ಪಕ್ಕದವರ ಮೇಲೆ ವಾಲುವುದಕ್ಕೂ ಇದೇ ಕಾರಣ. ದೊಡ್ಡ ರೈಡುಗಳನ್ನು ಮಾಡಿರುವುದೇ ಈ ಅನುಭವ ಕೊಡುವುದಕ್ಕೆ. ಗಾಡಿ ಹಳಿ ಹಿಡಿದು ತಿರುಗುತ್ತದೆ, ಮೈ ನೇರ ಹೋಗಲು ಹವಣಿಸುತ್ತದೆ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಒಂದೇ ವಸ್ತು: ತೊಡೆಯ ಮೇಲೆ ಬಂದು ಕೂರುವ ಕಂಬಿ, ಅಥವಾ ಭುಜದ ಮೇಲಿಂದ ಇಳಿದು ಎದೆಗೆ ಕೂರುವ ಲಾಕ್.

ಆ ಕಂಬಿಗೆ ಮಗುವಿನ ವಯಸ್ಸು ಗೊತ್ತಿಲ್ಲ, ಧೈರ್ಯವೂ ಗೊತ್ತಿಲ್ಲ. ತನ್ನ ಕೆಳಗೆ ಎಷ್ಟು ಸಂದು ಉಳಿದಿದೆ ಅನ್ನುವುದೇ ಅದರ ಲೆಕ್ಕ. ಇಡೀ ವಿಷಯ ಇರುವುದು ಆ ಸಂದಿನಲ್ಲಿ.

ಮನೆಯಲ್ಲೇ ನೋಡಬಹುದು. ಐದು ವರ್ಷದ ಮಗುವನ್ನು ದೊಡ್ಡ ಸೋಫಾದ ಮೇಲೆ ಬೆನ್ನು ಪೂರ್ತಿ ಒರಗಿಸಿ ಕೂರಿಸಿ. ಕಾಲು ನೇರ ಮುಂದಕ್ಕೆ ಚಾಚಿಕೊಂಡಿರುತ್ತದೆ, ಮಂಡಿ ಸೋಫಾದ ಅಂಚಿಗೆ ಬರುವುದೇ ಇಲ್ಲ. ತೊಡೆ ಚಿಕ್ಕದು. ಈಗ ಟಿವಿ ಹಾಕಿ ಎರಡು ನಿಮಿಷ ಬಿಟ್ಟು ನೋಡಿ. ಮಂಡಿ ಮಡಚಬೇಕು ಅಂತ ಮಗು ಮುಂದಕ್ಕೆ ಜಾರಿರುತ್ತದೆ. ಸೊಂಟ ಸೀಟಿನ ನಡುವೆ, ಬೆನ್ನು ಬಾಗಿ ಅರ್ಧ ಮಲಗಿದ ಹಾಗೆ. ಮನೆಯಲ್ಲಾದರೆ ಚಿಂತೆಯಿಲ್ಲ. ರೈಡಿನ ಸೀಟಿನಲ್ಲಿ ಹೀಗೆ ಜಾರಿದರೆ ತೊಡೆಯ ಮೇಲೆ ಇರಬೇಕಾದ ಕಂಬಿ ಹೊಟ್ಟೆಯ ಮೇಲಿರುತ್ತದೆ. ಗಾಡಿ ಒಮ್ಮೆ ಜೋರಾಗಿ ನಿಂತರೆ ಮಗು ಕಂಬಿಯ ಕೆಳಗಿನಿಂದಲೇ ನುಸುಳಿ ಹೋಗಬಹುದು. ಹೊಟ್ಟೆಯ ಮೆತ್ತನೆ ಭಾಗಕ್ಕೆ ಪೆಟ್ಟು ಬೀಳುವುದು ಬೇರೆ.

ದೊಡ್ಡವರಲ್ಲಿ ಹೀಗಾಗದಂತೆ ತಡೆಯುವುದು ಸೊಂಟದ ಮೂಳೆ. ಕೈ ಇಟ್ಟು ನೋಡಿಕೊಂಡರೆ ಎರಡು ಕಡೆ ಗಟ್ಟಿಯಾದ ಏಣು ಸಿಗುತ್ತದೆ. ಬೆಲ್ಟ್ ಆಗಲಿ, ಕಂಬಿಯಾಗಲಿ ಅದಕ್ಕೆ ಸಿಕ್ಕಿಕೊಂಡು ನಿಲ್ಲುತ್ತದೆ. ಚಿಕ್ಕ ಮಕ್ಕಳಲ್ಲಿ ಆ ಏಣು ಇನ್ನೂ ಸರಿಯಾಗಿ ಬೆಳೆದಿರುವುದಿಲ್ಲ. ಕಾರಿನ ಬೆಲ್ಟಿಗೂ ಇದೇ ತೊಂದರೆ ಇದೆ. ಸುಮಾರು 145 ಸೆಂಟಿಮೀಟರ್ ಎತ್ತರ ಬರುವ ತನಕ ಮಕ್ಕಳನ್ನು ಕಾರಿನಲ್ಲಿ ಎತ್ತರಿಸಿದ ಬೂಸ್ಟರ್ ಸೀಟಿನ ಮೇಲೆ ಕೂರಿಸಿ ಬೆಲ್ಟ್ ಹಾಕಿ ಅಂತ ಅಮೆರಿಕದಲ್ಲಿ ಹೇಳುವುದು ಇದಕ್ಕೇ.

ಇನ್ನು ತಲೆ. ಹುಟ್ಟಿದ ಮಗುವಿನ ತಲೆ ಅದರ ಉದ್ದದ ನಾಲ್ಕನೇ ಒಂದು ಭಾಗ ಇರುತ್ತದೆ. ದೊಡ್ಡವರಲ್ಲಿ ಏಳನೆಯದೋ ಎಂಟನೆಯದೋ ಒಂದು ಭಾಗ. ಐದು ವರ್ಷಕ್ಕೆಲ್ಲ ಮಗುವಿನ ತಲೆಯ ಸುತ್ತಳತೆ ದೊಡ್ಡವರ ತಲೆಯ ಶೇಕಡಾ 90ರಷ್ಟು ಬೆಳೆದುಬಿಟ್ಟಿರುತ್ತದೆ. ಆದರೆ ಅದನ್ನು ಹೊರುವ ಕತ್ತು ಇನ್ನೂ ಸಣ್ಣದು, ಅದರ ಸ್ನಾಯುಗಳು ಎಳೆಯವು. ಪಕ್ಕಕ್ಕೆ ಎಳೆದಾಗ ತಲೆ ಹೋದತ್ತ ಕತ್ತೂ ಹೋಗುತ್ತದೆ. ಭುಜದ ಮೇಲಿಂದ ಇಳಿಯುವ ಲಾಕ್ ಇರುವ ಆಟದಲ್ಲಿ ಇದು ಇನ್ನೂ ಕಷ್ಟ. ದೊಡ್ಡವರಿಗೆ ಆ ಲಾಕ್ ಭುಜದ ಮೇಲೆ ಕೂರುತ್ತದೆ. ಗಿಡ್ಡ ಮಗುವಿಗೆ ಅದು ಕಿವಿಯ ಪಕ್ಕ ಬರುತ್ತದೆ. ಪ್ರತಿ ತಿರುವಿಗೂ ತಲೆ ಹೋಗಿ ಅದಕ್ಕೆ ಬಡಿಯುತ್ತದೆ, ಕೆಳಗೆ ಭುಜ ಮಾತ್ರ ಖಾಲಿ ಜಾಗದಲ್ಲಿ ಆಡುತ್ತಿರುತ್ತದೆ.

ಸಂದು ಎಷ್ಟು ಮುಖ್ಯ ಅನ್ನುವುದಕ್ಕೆ 2022ರ ಮಾರ್ಚಿನಲ್ಲಿ ಅಮೆರಿಕದ ಆರ್ಲ್ಯಾಂಡೊದಲ್ಲಿ ನಡೆದ ದುರಂತವನ್ನು ನೆನೆಯಬೇಕು. ಎತ್ತರದ ಗೋಪುರದಿಂದ ಸೀಟುಗಳು ಸರ್ರನೆ ಕೆಳಗೆ ಬೀಳುವ ರೈಡು ಅದು. 14 ವರ್ಷದ ಹುಡುಗನೊಬ್ಬ ಸೀಟಿನಿಂದ ಜಾರಿ ಬಿದ್ದು ತೀರಿಕೊಂಡ. ಅವನು ಗಿಡ್ಡ ಇರಲಿಲ್ಲ. ಎತ್ತರದ, ದಪ್ಪ ಮೈಕಟ್ಟಿನ ಹುಡುಗ. ಅವನ ಮೈಗೆ ಲಾಕ್ ಪೂರ್ತಿ ಕೆಳಗೆ ಬಂದಿರಲಿಲ್ಲ. ಆದರೂ ಲಾಕ್ ಆಗಿದೆ ಅಂತ ತೋರಿಸುವಂತೆ ಆ ಸೀಟಿನ ಸೆನ್ಸರನ್ನು ಹೊಂದಿಸಲಾಗಿತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು. ಬೇರೆ ಸೀಟುಗಳಲ್ಲಿ ಲಾಕಿಗೂ ಸೀಟಿಗೂ ನಡುವೆ ಸುಮಾರು 3 ಇಂಚು ಜಾಗ ಇದ್ದರೆ, ಅವನದರಲ್ಲಿ 7 ಇಂಚು ಇತ್ತು. ನಾಲ್ಕು ಇಂಚು ಜಾಸ್ತಿ. ಗಿಡ್ಡ ಮಗುವಾಗಲಿ, ಭಾರಿ ಆಳಾಗಲಿ, ಸೀಟಿನ ಅಳತೆಗೆ ಹೊಂದದ ಮೈ ಅಂದರೆ ಅಪಾಯ ಒಂದೇ. ಎತ್ತರದ ಬೋರ್ಡಿನ ಕೆಳಗೆ ಎಷ್ಟೋ ಕಡೆ ತೂಕದ ಮಿತಿಯನ್ನೂ ಬರೆದಿರುತ್ತಾರೆ. ನಾವು ಅದನ್ನು ಓದುವುದೇ ಇಲ್ಲ.

ಹಾಗಾದರೆ ವಯಸ್ಸು ಕೇಳಿ ಬಿಡಬಹುದಲ್ಲ, ಎತ್ತರವೇ ಯಾಕೆ ಅಂತ ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿ ತೆಗೆದು ನೋಡಿ. ಮೂರು ವರ್ಷಕ್ಕೆ ಮಧ್ಯಮ ಎತ್ತರದ ಮಗು ಸುಮಾರು 95-96 ಸೆಂಟಿಮೀಟರ್. ನಾಲ್ಕಕ್ಕೆ 103. ಐದಕ್ಕೆ 110. ಆರಕ್ಕೆ 115-116. ಏಳಕ್ಕೆ 121. ಇದು ನಡುವಿನ ಅಳತೆ ಅಷ್ಟೇ, ಎಲ್ಲ ಮಕ್ಕಳೂ ಇಷ್ಟೇ ಇರಬೇಕು ಅಂತ ಅಲ್ಲ. ಸರಿಯಾಗಿ ಐದು ತುಂಬಿದ ಮಕ್ಕಳು ಸುಮಾರು 100ರಿಂದ 119 ಸೆಂಟಿಮೀಟರ್ ತನಕ ಎಷ್ಟು ಬೇಕಾದರೂ ಇರಬಹುದು, ಎಲ್ಲರೂ ಆರೋಗ್ಯವಾಗಿಯೇ ಇರುತ್ತಾರೆ. ಯುಕೆಜಿಯ ಒಂದೇ ಬೆಂಚಿನಲ್ಲಿ ಕೂತ ಇಬ್ಬರ ನಡುವೆ ಒಂದು ಗೇಣು ವ್ಯತ್ಯಾಸ! ಇಬ್ಬರಿಗೂ ಐದು ವರ್ಷ. ಒಬ್ಬನ ತೊಡೆ ಕಂಬಿಗೆ ಮುಟ್ಟುತ್ತದೆ, ಇನ್ನೊಬ್ಬನದು ಮುಟ್ಟುವುದಿಲ್ಲ. ವಯಸ್ಸು ಕೇಳಿ ಬಿಟ್ಟರೆ ಎರಡನೆಯವನಿಗೆ ಅಪಾಯ ತಪ್ಪಿದ್ದಲ್ಲ.

ನಿಜವಾಗಿ ಅಳೆಯಬೇಕಾದದ್ದು ತೊಡೆಯ ಉದ್ದ, ಸೊಂಟದ ಅಗಲ, ಭುಜದ ಎತ್ತರ. ಆದರೆ ಕ್ಯೂನಲ್ಲಿ ನಿಂತ ಪ್ರತಿ ಮಗುವಿಗೂ ಟೈಲರ್ ಅಂಗಡಿಯಲ್ಲಿ ಟೇಪ್ ಹಿಡಿದಂತೆ ಹಿಡಿಯಲು ಆಗುತ್ತದೆಯೇ? ನಿಂತ ಎತ್ತರ ಬೆಳೆದ ಹಾಗೆ ಬಾಕಿ ಅಳತೆಗಳೂ ಹೆಚ್ಚುಕಮ್ಮಿ ಅದರ ಜೊತೆಗೇ ಬೆಳೆಯುತ್ತವೆ. ಎರಡು ಸೆಕೆಂಡಿನಲ್ಲಿ ಅಳೆಯಬಹುದು. ಆಧಾರ್ ಕಾರ್ಡ್ ಬೇಕಿಲ್ಲ, ಹುಟ್ಟಿದ ತಾರೀಕು ಕೇಳಬೇಕಿಲ್ಲ. ಹಾಗಾಗಿ ಒಂದು ಕೋಲು, ಅದರ ಮೇಲೆ ಒಂದು ಗೆರೆ.

ಈ ಗೆರೆ ಎಲ್ಲಿರಬೇಕು ಅಂತ ಪಾರ್ಕಿನವರು ಮನಸ್ಸಿಗೆ ಬಂದಂತೆ ಹೇಳುವ ಹಾಗಿಲ್ಲ. ರೈಡು ತಯಾರಿಸಿದ ಕಂಪನಿ ಅದರ ವೇಗ, ತಿರುವು, ಸೀಟಿನ ಆಕಾರ, ಲಾಕಿನ ಬಗೆ ನೋಡಿ ಅಳತೆ ಕೊಡುತ್ತದೆ. ಪಾರ್ಕಿನವರು ಅದಕ್ಕಿಂತ ಬಿಗಿ ಮಾಡಬಹುದು, ಸಡಿಲ ಮಾಡಬಾರದು. ಅಮೆರಿಕದಲ್ಲಿ ಈ ಸುರಕ್ಷತೆಯ ನಿಯಮಗಳನ್ನು ರೂಪಿಸುವ ಸಮಿತಿ ಶುರುವಾದದ್ದು 1978ರಲ್ಲಿ. ಯುರೋಪಿಗೂ ತನ್ನದೇ ಮಾನದಂಡ ಇದೆ.

ರೈಡು ಬೇರೆಯಾದರೆ ಗೆರೆಯೂ ಬೇರೆ. ಫ್ಲಾರಿಡಾದ ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್ ಒಂದನ್ನೇ ನೋಡಿ. ಅಲ್ಲಿ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನಿಗೆ 38 ಇಂಚು, ಅಂದರೆ ಸುಮಾರು 97 ಸೆಂಟಿಮೀಟರ್ ಸಾಕು. ಸ್ಪೇಸ್ ಮೌಂಟನ್ನಿಗೆ 44 ಇಂಚು, ಸುಮಾರು 112 ಸೆಂಟಿಮೀಟರ್ ಬೇಕು. ಬೈಕ್ ಮೇಲೆ ಬಾಗಿ ಕೂತಂತೆ ಕೂರುವ ಟ್ರಾನ್ ರೈಡಿಗೆ 48 ಇಂಚು, 122 ಸೆಂಟಿಮೀಟರ್. ಮೂರೂ ರೋಲರ್ ಕೋಸ್ಟರುಗಳೇ, ಒಂದೇ ಪಾರ್ಕಿನವು. "ಆ ಆಟಕ್ಕೆ ಬಿಟ್ಟರು, ಇದಕ್ಕೆ ಯಾಕೆ ಬಿಡಲ್ಲ?" ಅಂತ ಮಗು ಕೇಳಿದರೆ ಉತ್ತರ ಇಲ್ಲಿದೆ. ಮಗು ಬದಲಾಗಿಲ್ಲ, ಸೀಟು ಬದಲಾಗಿದೆ.

ಇಲ್ಲಿ ನಮ್ಮವರು ಮಾಡಿಕೊಳ್ಳುವ ಇನ್ನೊಂದು ಗೊಂದಲವನ್ನೂ ಹೇಳಿಬಿಡುತ್ತೇನೆ. ಬಿಡದಿ ಹತ್ತಿರ 2005ರಲ್ಲಿ ಶುರುವಾದ ವಂಡರ್‌ಲಾದಂಥ ಪಾರ್ಕುಗಳಲ್ಲಿ ಮಕ್ಕಳ ಟಿಕೆಟ್ಟನ್ನೂ ಎತ್ತರ ನೋಡಿಯೇ ಕೊಡುವ ಪದ್ಧತಿ ಇದೆ. ಅದು ದುಡ್ಡಿನ ಲೆಕ್ಕ. ರೈಡಿನ ಬಾಗಿಲಲ್ಲಿರುವುದು ಸುರಕ್ಷತೆಯ ಲೆಕ್ಕ. "ಟಿಕೆಟ್ ತಗೊಂಡಿದೀವಲ್ಲ" ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ. ಮಗುವಿನ ಟಿಕೆಟ್ ತೆಗೆದುಕೊಂಡ ಮಾತ್ರಕ್ಕೆ ಒಳಗಿನ ಎಲ್ಲ ಆಟವೂ ಮಗುವಿಗೆ ಸಿಗುತ್ತದೆ ಅಂತಲ್ಲ.

ಹಾಗಾದರೆ ಎರಡು ಸೆಂಟಿಮೀಟರ್? ಅಷ್ಟರಿಂದ ನಿಜಕ್ಕೂ ಏನಾಗುತ್ತದೆ? ನೇರವಾಗಿ ಹೇಳಬೇಕು ಅಂದರೆ, 110ರಲ್ಲಿ ಪೂರ್ತಿ ಕ್ಷೇಮ, 108ರಲ್ಲಿ ಅಪಾಯ ಅಂತ ಮೈ ಹೇಳುವುದಿಲ್ಲ. ಗೆರೆ ಹಾಕುವವರು ಸ್ವಲ್ಪ ಹೆಚ್ಚುವರಿ ಜಾಗ ಇಟ್ಟುಕೊಂಡೇ ಹಾಕಿರುತ್ತಾರೆ. ಆ ಹೆಚ್ಚುವರಿ ಇರುವುದು ಮುಂದೆ ಏನಾಗುತ್ತದೋ ಅನ್ನುವುದಕ್ಕೆ. ಸೀಟು ಒದ್ದೆಯಾಗಿರಬಹುದು. ಮಗು ಹಿಂದೆ ತಿರುಗಿ ಅಮ್ಮನನ್ನು ಹುಡುಕಬಹುದು. ಹೆದರಿ ಎದ್ದು ನಿಲ್ಲಲು ನೋಡಬಹುದು. ಜಾರುವ ನೈಲಾನ್ ಫ್ರಾಕ್ ಹಾಕಿರಬಹುದು. ಗೆರೆ ಮುಟ್ಟದ ಮಗುವನ್ನು ಒಳಗೆ ಬಿಟ್ಟರೆ ಆ ಜಾಗವನ್ನು ನಾವು ಬಾಗಿಲಲ್ಲೇ ಖರ್ಚು ಮಾಡಿಬಿಟ್ಟಂತೆ. ಆಮೇಲೆ ಮಗು ಒಮ್ಮೆ ತಿರುಗಿ ಕೂತರೆ ಕಾಯಲು ಏನೂ ಉಳಿದಿರುವುದಿಲ್ಲ. ಇವತ್ತು ಎರಡು ಬಿಟ್ಟವರು ನಾಳೆ ಮೂರು ಬಿಡುತ್ತಾರೆ ಅನ್ನುವುದು ಇನ್ನೊಂದು ಮಾತು.

ದಪ್ಪ ಸೋಲಿನ ಶೂ ಹಾಕಿಸುವವರಿದ್ದಾರೆ. ಶೂ ಒಳಗೆ ಕರ್ಚೀಫು ಮಡಿಸಿ ಇಡುವವರನ್ನು ಟೂರಿನಲ್ಲಿ ನಾನೇ ನೋಡಿದ್ದೇನೆ. ದಯವಿಟ್ಟು ಬೇಡ. ಕರ್ಚೀಫಿನಿಂದ ತೊಡೆ ಉದ್ದವಾಗುವುದಿಲ್ಲ. ಮೋಸ ಹೋಗುವವರು ಬಾಗಿಲ ಹುಡುಗ ಅಲ್ಲ, ಒಳಗೆ ಕೂರುವ ನಮ್ಮ ಮಗು.

ಪುಟ್ಟಿಯ ವಿಷಯದಲ್ಲಿ ನನಗೆ ಆಮೇಲೆ ಗೊತ್ತಾದ ಒಂದು ಸಂಗತಿ ಇದೆ. ಎಲ್ಲರ ಎತ್ತರವೂ ಬೆಳಗ್ಗೆ ಎದ್ದಾಗ ಇದ್ದಷ್ಟು ಸಂಜೆ ಇರುವುದಿಲ್ಲ, ಸುಮಾರು ಒಂದು ಸೆಂಟಿಮೀಟರ್ ಕಮ್ಮಿಯಾಗುತ್ತದೆ. ಬೆನ್ನುಮೂಳೆಯ ಮಣಿಗಳ ನಡುವೆ ಇರುವ ಮೆತ್ತೆಗಳು ರಾತ್ರಿ ಮಲಗಿದಾಗ ಉಬ್ಬುತ್ತವೆ, ಹಗಲು ಕೂತು ನಿಂತು ಓಡಾಡುವಾಗ ಒತ್ತಿಕೊಳ್ಳುತ್ತವೆ. ಎದ್ದ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚಿನ ಇಳಿಕೆ ಆಗುತ್ತದೆ. ಅತ್ತಿಗೆ ಹಿಂದಿನ ವಾರ ಸ್ನಾನಕ್ಕೆ ಮುಂಚೆ ಬೆಳಗ್ಗೆ ಅಳೆದು "109 ಇದಾಳೆ, ಆಗತ್ತೆ ಬಿಡಿ" ಅಂದಿದ್ದರು. ಕಾರಿನಲ್ಲಿ ನಾಲ್ಕು ಗಂಟೆ ಕೂತು, ಪಾರ್ಕಿನಲ್ಲಿ ಎರಡು ಗಂಟೆ ಓಡಿ, ಮಧ್ಯಾಹ್ನ ಕೋಲಿನ ಪಕ್ಕ ನಿಂತಾಗ 108. ಅತ್ತಿಗೆಯ ಅಳತೆಯೂ ಸರಿ, ಆ ಹುಡುಗನ ಅಳತೆಯೂ ಸರಿ. ಮನೆಯಲ್ಲಿ ಅಳೆಯುವುದಾದರೆ ಸಂಜೆ ಅಳೆಯಿರಿ. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ಜುಟ್ಟು ಬಿಚ್ಚಿ, ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಅಡ್ಡ ಹಿಡಿದು ಗೋಡೆಗೆ ಗುರುತು ಹಾಕಿ.

ಕೆಲವು ರೈಡುಗಳ ಬೋರ್ಡಿನಲ್ಲಿ ಎರಡು ಅಳತೆ ಇರುತ್ತವೆ. ಇಷ್ಟು ಎತ್ತರ ಇದ್ದರೆ ದೊಡ್ಡವರ ಜೊತೆ, ಅದಕ್ಕಿಂತ ಜಾಸ್ತಿ ಇದ್ದರೆ ಒಬ್ಬರೇ. ಮೊದಲನೆಯದರ ಅರ್ಥ ದೊಡ್ಡವರು ಮಗುವನ್ನು ಹಿಡಿದುಕೊಳ್ಳಲಿ ಅಂತಲ್ಲ. ಹಿಡಿದುಕೊಳ್ಳುವ ಕೆಲಸ ಕಂಬಿಯದು. ಪಕ್ಕದಲ್ಲಿ ಕೂತವರ ಕೆಲಸ "ಎದ್ದೇಳಬೇಡ, ಬೆನ್ನು ಹಿಂದೆ ಮಾಡು, ಕೈ ಒಳಗಿಟ್ಟುಕೊ" ಅಂತ ಹೇಳುವುದು. ಗಿರಗಿರ ಸುತ್ತುವ ಆಟಗಳಲ್ಲಿ ಯಾರು ಯಾವ ಕಡೆ ಕೂರಬೇಕು ಅನ್ನುವುದೂ ಮುಖ್ಯ. ಸುತ್ತುವಾಗ ಎಲ್ಲರೂ ಹೊರಗಿನ ಅಂಚಿಗೆ ಜಾರುತ್ತಾರೆ. 70 ಕಿಲೊ ಅಪ್ಪ ಒಳಗಡೆ, ಮಗು ಹೊರಗಡೆ ಕೂತರೆ ಅಪ್ಪನ ಭಾರ ಪೂರ್ತಿ ಮಗುವಿನ ಮೇಲೆ. ಆಪರೇಟರ್ "ದೊಡ್ಡೋರು ಹೊರಗೆ, ಚಿಕ್ಕೋರು ಒಳಗೆ" ಅಂದರೆ ಮಾತು ಕೇಳಿ.

ನೀರಿನ ಜಾರುಬಂಡೆಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಕಂಬಿ ಇಲ್ಲ. ಕೊನೆಗೆ ಬಂದು ಬೀಳುವ ನೀರಿನ ಆಳ, ಹಗುರ ಮೈ ತಿರುವಿನಲ್ಲಿ ಹೇಗೆ ಹೋಗುತ್ತದೆ, ನೀರಿಗೆ ಬಿದ್ದ ಮೇಲೆ ಮಗು ತಾನೇ ಎದ್ದು ನಿಲ್ಲುತ್ತದೆಯೇ, ಇವು ಅಲ್ಲಿನ ಪ್ರಶ್ನೆಗಳು.

ಪಾರ್ಕಿನಲ್ಲಾದರೆ ಕೋಲಾದರೂ ಇದೆ. ನನಗೆ ಹೆಚ್ಚು ಚಿಂತೆ ಇರುವುದು ನಮ್ಮ ಜಾತ್ರೆಗಳ ಬಗ್ಗೆ. ಹಾಸನ, ಚಿಕ್ಕಮಗಳೂರು ಕಡೆಯ ಹೆಚ್ಚಿನ ಮಕ್ಕಳು ಮೊದಲ ಸಲ ಜೈಂಟ್ ವೀಲ್, ಕೊಲಂಬಸ್, ಟೊರಟೊರ ಹತ್ತುವುದು ಜಾತ್ರೆಯಲ್ಲೋ ವಸ್ತುಪ್ರದರ್ಶನದಲ್ಲೋ. ಪಾರ್ಕಿನಿಂದ ಬಂದ ಕೆಲವು ತಿಂಗಳಿಗೆ ಒಂದು ಜಾತ್ರೆಗೆ ಹೋಗಿದ್ದೆವು. ಅಲ್ಲಿ ಕೋಲು ಇರಲಿಲ್ಲ, ಗೆರೆಯೂ ಇರಲಿಲ್ಲ. ಟಿಕೆಟ್ ಹರಿದುಕೊಡುತ್ತಿದ್ದವನು ಪುಟ್ಟಿಯ ಕಡೆ ಕಣ್ಣೆತ್ತಿಯೂ ನೋಡದೆ "ಹತ್ತಿ ಹತ್ತಿ" ಅಂದ. ಕೊಲಂಬಸ್ ದೋಣಿಯ ತುದಿ ಸೀಟಿನಲ್ಲಿ ಅಣ್ಣ, ಅತ್ತಿಗೆ, ನಡುವೆ ಪುಟ್ಟಿ. ಕಬ್ಬಿಣದ ಒಂದೇ ಉದ್ದ ಕಂಬಿ ಮೂವರ ಮೇಲೂ ಬಂತು. ಅಣ್ಣನ ತೊಡೆಗೆ ತಾಗಿತು, ಅಲ್ಲೇ ನಿಂತಿತು. ನಾನು ಕೆಳಗೆ ನಿಂತು ನೋಡುತ್ತಿದ್ದೆ. ಕಂಬಿಗೂ ಪುಟ್ಟಿಯ ತೊಡೆಗೂ ನಡುವೆ ಅವಳ ಹಳದಿ ಫ್ರಾಕಿನ ಮಡಿಕೆಗಳೆಲ್ಲ ಕಾಣುತ್ತಿದ್ದವು. ಒಂದು ಲೀಟರ್ ನೀರಿನ ಬಾಟಲಿಯನ್ನು ಅಡ್ಡ ಮಲಗಿಸಿದರೂ ಮೇಲೆ ಜಾಗ ಉಳಿಯುತ್ತಿತ್ತು.

ನಾನು ಕೂಗಿ ನಿಲ್ಲಿಸಿದೆ. ಮೂವರನ್ನೂ ಇಳಿಸಿದೆ. ಜನ ನೋಡಿದರು, ಅಣ್ಣನಿಗೆ ಮುಜುಗರವಾಯಿತು. ಟಿಕೆಟ್ ದುಡ್ಡು ವಾಪಸ್ ಸಿಗಲಿಲ್ಲ. ಆದರೆ ಮನೆಗೆ ಬಂದ ಮೇಲೆ ಅಣ್ಣನೇ "ಆ ಸಂದು ನಂಗೆ ಮೇಲಿಂದ ಕಾಣ್ಲೇ ಇಲ್ಲ ಕಣೆ" ಅಂದ. ಅದು ನಿಜ. ಕಂಬಿ ತನ್ನ ತೊಡೆಗೆ ಗಟ್ಟಿಯಾಗಿ ಕೂತಿದ್ದರಿಂದ ಎಲ್ಲರಿಗೂ ಕೂತಿದೆ ಅಂತ ಅವನು ನಂಬಿದ್ದ. ದಪ್ಪ ಮೈಯವರ ಪಕ್ಕ ಮಗು ಕೂತಷ್ಟೂ ಮಗುವಿನ ಮೇಲಿನ ಸಂದು ಹೆಚ್ಚುತ್ತದೆ. ಜೊತೆಗೆ ಅಪ್ಪ ಇದ್ದಾನೆ ಅನ್ನುವ ಧೈರ್ಯವೂ ಹೆಚ್ಚುತ್ತದೆ. ಒಂದೇ ಕಂಬಿಯ ಆಟಗಳಲ್ಲಿ ಕಷ್ಟ ಇರುವುದು ಇಲ್ಲೇ.

ಕೋಲು ಇಲ್ಲದ ಕಡೆ ನಾವೇ ಕೋಲಾಗಬೇಕು. ನಾನು ಈಗ ನೋಡುವುದು ಇಷ್ಟು. ಸೊಂಟ ಹಿಂದಕ್ಕೆ ಒತ್ತಿ ಕೂತಾಗ ಮಗುವಿನ ಮಂಡಿ ಸೀಟಿನ ಅಂಚಿನಲ್ಲಿ ಮಡಚುತ್ತದೆಯೇ? ಕಂಬಿ ನನ್ನ ತೊಡೆಗಲ್ಲ, ಮಗುವಿನ ತೊಡೆಗೆ ತಾಗಿದೆಯೇ? ಅಲ್ಲಿ ನನ್ನ ಮುಷ್ಟಿ ತೂರಿದರೆ ಇಳಿದುಬಿಡುತ್ತೇನೆ. ಮೊಣಕೈ ಸ್ವಲ್ಪ ಮಡಚಿಕೊಂಡೇ ಮಗು ಕಂಬಿ ಹಿಡಿಯಬಲ್ಲದೇ? ಇವೆಲ್ಲ ಸರಿ ಇದ್ದರೂ ಇನ್ನೊಂದು ಬಾಕಿ. ಹೆದರಿಕೆಯಾದಾಗ "ಕೂತ್ಕೋ" ಅಂದರೆ ಕೂರುವ ಮಗುವೇ, ಅಥವಾ ಎದ್ದು ಅಮ್ಮನ ಕೊರಳು ಹಿಡಿಯುವ ಮಗುವೇ? ಎರಡನೆಯ ಥರದ್ದಾದರೆ ಎತ್ತರ ಎಷ್ಟೇ ಇದ್ದರೂ ಕಾಯಬೇಕು. ವಯಸ್ಸಿಗೆ ಮೀರಿ ಎತ್ತರ ಬೆಳೆದ ನಾಲ್ಕು ವರ್ಷದ ಮಕ್ಕಳ ವಿಷಯದಲ್ಲಿ ಇದನ್ನು ಮರೆಯಬಾರದು. ಕೋಲು ದಾಟಿದರೆ ಹತ್ತಬಹುದು ಅಂತ ಅರ್ಥ, ಹತ್ತಲೇಬೇಕು ಅಂತ ಅಲ್ಲ.

ಕೊಲಂಬಸ್‌ನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲೇಬೇಡಿ. ಅಳತೆ ಸರಿಯಿರುವ ಮಕ್ಕಳಿಗೂ ತುದಿಗಿಂತ ದೋಣಿಯ ನಡು ಸೀಟು ವಾಸಿ, ಏರಿಳಿತ ಅಲ್ಲಿ ಕಮ್ಮಿ. ಜೈಂಟ್ ವೀಲಿನ ತೊಟ್ಟಿಲಲ್ಲಿ ಚಿಲಕ ಹಾಕಿದ್ದನ್ನು ನೀವೇ ಎಳೆದು ನೋಡಿ. ಉದ್ದ ಜಡೆ, ವೇಲ್, ಸೆರಗು ಕಟ್ಟಿಕೊಂಡೇ ಹತ್ತಿ.

ಇನ್ನು ಅಳುವ ಮಗುವಿನ ವಿಷಯ. ಅವತ್ತು ನಾವು ಮಾಡಿದ ತಪ್ಪು ಮನೆಯಲ್ಲೇ ಶುರುವಾಗಿತ್ತು. ಒಂದು ವಾರ ಅವಳಿಗೆ ಫೋನಿನಲ್ಲಿ ಆ ದೊಡ್ಡ ರೈಡಿನ ವಿಡಿಯೊನೇ ತೋರಿಸಿದ್ದೆವು. ಪಾರ್ಕುಗಳ ವೆಬ್‌ಸೈಟಿನಲ್ಲಿ ಯಾವ ಆಟಕ್ಕೆ ಎಷ್ಟು ಎತ್ತರ ಅಂತ ಹಾಕಿರುತ್ತಾರೆ. ಹೊರಡುವ ಮುಂಚೆ ಅದನ್ನು ನೋಡಿ, ಮಗುವಿಗೆ ಸಿಗುವ ಆಟಗಳ ವಿಡಿಯೊ ಮಾತ್ರ ತೋರಿಸಿ. ಸಿಗದ ಒಂದೆರಡನ್ನು ಮೊದಲೇ ಹೇಳಿಬಿಡಿ. ಮನೆಯಲ್ಲಿ ಕೇಳಿದ "ಇಲ್ಲ" ಮಕ್ಕಳು ಬೇಗ ಮರೆಯುತ್ತಾರೆ. ಕ್ಯೂನಲ್ಲಿ ಮುಕ್ಕಾಲು ಗಂಟೆ ನಿಂತು ಬಾಗಿಲಲ್ಲಿ ಕೇಳಿದ "ಇಲ್ಲ" ಹಾಗಲ್ಲ. ಡಿಸ್ನಿ ಪಾರ್ಕುಗಳಲ್ಲಿ ಅಪ್ಪ ಅಮ್ಮನಲ್ಲಿ ಒಬ್ಬರು ರೈಡು ಹತ್ತಿದಾಗ ಇನ್ನೊಬ್ಬರು ಮಗುವಿನ ಜೊತೆ ಇದ್ದು, ಆಮೇಲೆ ಮತ್ತೆ ಪೂರ್ತಿ ಕ್ಯೂ ನಿಲ್ಲದೆ ಬದಲಾಯಿಸಿಕೊಳ್ಳುವ ಏರ್ಪಾಡು ಇದೆ. ನಮ್ಮ ಕಡೆ ಅಂಥದ್ದು ಇದೆಯಾ ಅಂತ ಬಾಗಿಲಲ್ಲೇ ಕೇಳಿ ನೋಡಿ. ಇಲ್ಲದಿದ್ದರೂ ಸರಿ, ದೊಡ್ಡವರೆಲ್ಲ ಒಟ್ಟಿಗೆ ಹತ್ತಿ ಮಗುವನ್ನು ಹೊರಗೆ ಬೆಂಚಿನ ಮೇಲೆ ಒಂಟಿಯಾಗಿ ಬಿಡಬೇಡಿ.

ಮಗುವಿನ ಮುಂದೆ ಬಾಗಿಲ ಹುಡುಗನ ಜೊತೆ ಜಗಳ ಆಡಬೇಡಿ ಅಂತ ನಾನು ಕೈ ಮುಗಿದು ಕೇಳುತ್ತೇನೆ. ದಿನಕ್ಕೆ ಎಷ್ಟೋ ಅಪ್ಪಂದಿರಿಂದ ಬೈಸಿಕೊಂಡು, ಬಿಸಿಲಲ್ಲಿ ನಿಂತು, ಒಂದೊಂದು ಮಗುವಿನ ನೆತ್ತಿಯ ಮೇಲೂ ಕೈಯಿಟ್ಟು ನೋಡುವ ಕೆಲಸ ಅದು. ಅವನು ಹೇಳಿದ್ದನ್ನೇ ಮಗುವಿಗೆ ತಿಳಿಸಿ ಹೇಳಬಹುದು. "ಈ ಸೀಟು ನಿನಗೆ ಇನ್ನೂ ದೊಡ್ಡದು ಪುಟ್ಟಿ." "ನೀನು ಚಿಕ್ಕೋಳು" ಅಂದಾಗ ಅತ್ತವಳು, ಸೀಟು ದೊಡ್ಡದು ಅಂದಾಗ ಅಳು ನಿಲ್ಲಿಸಿ ಸೀಟಿನ ಕಡೆ ನೋಡಿದಳು.

ಈಗ ನಮ್ಮ ಮನೆಯ ನಡುಮನೆಯ ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕ ಪೆನ್ಸಿಲ್ ಗುರುತುಗಳಿವೆ. ಹಾಸನಾಂಬೆಯ ದರ್ಶನಕ್ಕೆ, ದೀಪಾವಳಿಗೆ ಅಂತ ಅಣ್ಣನ ಮನೆಯವರು ಬಂದಾಗ ಮತ್ತೆ ಅಳೆದೆವು. ಸಂಜೆ ಹೊತ್ತು. ಚಪ್ಪಲಿ ಬಾಗಿಲ ಹೊರಗೇ ಇತ್ತು. ನಾನು ಪುಸ್ತಕ ಹುಡುಕುತ್ತಿದ್ದೆ. ತಿರುಗಿ ನೋಡಿದರೆ ಪುಟ್ಟಿ ಆಗಲೇ ಗೋಡೆಗೆ ಹಿಮ್ಮಡಿ ಒತ್ತಿ ನಿಂತಿದ್ದಳು. ಎರಡೂ ಕೈ ನೆತ್ತಿಯ ಮೇಲಿತ್ತು. ರಿಬ್ಬನ್ ಬಿಚ್ಚುತ್ತಿದ್ದಳು.